ತೆರೆಯ ಆಚೆಗೆ ಯಾರು ಹೋಗಬಹುದು? ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ಮಾನ್ಯರೇ,

ತಮ್ಮ ಸಭೆಯ ಹೊಸ ಆರಾಧನಾಲಯದಲ್ಲಿ ಮುಂಭಾಗದ ವೇದಿಕೆಯನ್ನು ಇತ್ತೀಚೆಗೆ ‘ಮಹಾ ಪವಿತ್ರಸ್ಥಾನ’ ಎಂದು ಕರೆಯುತ್ತಿರುವುದನ್ನೂ, ಸಭಾಪಾಲಕರ ಹೊರತು ಬೇರೆಯವರು, ಅದರಲ್ಲೂ ಸ್ತ್ರೀಯರು, ಅದನ್ನು ಹತ್ತಕೂಡದೆಂದು ಹೇಳಿರುವುದನ್ನೂ ತಾವು ಬರೆದಿದ್ದೀರಿ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆಯನ್ನೂ ಕೇಳಿದ್ದೀರಿ: ಇಸ್ರಾಯೇಲ್ಯರ ದೇವರೇ ನಮ್ಮ ದೇವರಾಗಿರುವಾಗ ಮೋಶೆಯ ಧರ್ಮಶಾಸ್ತ್ರದ ಭಾಗವಾದ ಯಾಜಕಕಾಂಡದ ಹೋಮಗಳನ್ನೂ, ವಾರದ ಏಳನೆಯ ದಿನದ ವಿಶ್ರಾಂತಿಯಾದ ಸಬ್ಬತ್ತನ್ನೂ ಬಿಟ್ಟು, ದಾವೀದನ ಕೀರ್ತನೆಗಳನ್ನೂ ಮೊದಲ ಮಹಾಯಾಜಕ ಆರೋನನ ಆಶೀರ್ವಾದವನ್ನೂ ಮಾತ್ರ ಇಟ್ಟುಕೊಂಡದ್ದು ಯಾವ ನ್ಯಾಯ? ವೇದಿಕೆಯ ವಿಚಾರ ಈ ಎರಡನೆಯ ಪ್ರಶ್ನೆಯ ಹೊಟ್ಟೆಯೊಳಗೇ ಇರುವುದರಿಂದ ಮೊದಲು ಅದನ್ನೇ ಎತ್ತಿಕೊಳ್ಳುತ್ತೇನೆ.

ಇದಕ್ಕೆ ನಮ್ಮ ಪ್ರಸಂಗಪೀಠಗಳಿಂದ ಸಾಮಾನ್ಯವಾಗಿ ಬರುವ ಉತ್ತರ, ಹಳೆಯ ಆರಾಧನೆ ಹೊರಗಿನದು, ನಮ್ಮದು ಹೃದಯದ್ದು ಎಂಬುದು. ಈ ಉತ್ತರ ನನಗೆ ಎಂದೂ ಒಪ್ಪಿಗೆಯಾಗಿಲ್ಲ. ಮುರಿದ ಮನಸ್ಸೇ ದೇವರಿಗೆ ಇಷ್ಟವಾದ ಯಜ್ಞವೆಂದು ಹಾಡಿದ್ದು 51ನೆಯ ಕೀರ್ತನೆ. ಯಜ್ಞಕ್ಕಿಂತ ಕರುಣೆ ಬೇಕೆಂದು ಸಾರಿದವನು ಪ್ರವಾದಿ ಹೋಶೇಯ. ಇವರಿಬ್ಬರೂ ಹಳೇ ಒಡಂಬಡಿಕೆಯೊಳಗೇ ನಿಂತು ಮಾತಾಡಿದವರು. ಇತ್ತ ನಮ್ಮಲ್ಲಿಯೂ ನೀರಿದೆ, ರೊಟ್ಟಿಯಿದೆ, ದ್ರಾಕ್ಷಾರಸವಿದೆ. ಇವೆಲ್ಲ ಕೈಯಲ್ಲಿ ಮುಟ್ಟುವ, ಬಾಯಲ್ಲಿ ರುಚಿ ನೋಡುವ ವಸ್ತುಗಳೇ. ಆದ್ದರಿಂದ ವ್ಯತ್ಯಾಸವನ್ನು ಒಳಗೆ ಹೊರಗೆ ಎಂಬಲ್ಲಿ ಹುಡುಕದೆ, ದೇವರ ಸನ್ನಿಧಿಗೆ ಯಾರು ಎಲ್ಲಿಯವರೆಗೆ ಹೋಗಬಹುದಾಗಿತ್ತು ಎಂಬಲ್ಲಿ ಹುಡುಕಬೇಕು.

ಕನ್ನಡದ ಸತ್ಯವೇದವು ಹೋಮ, ಯಜ್ಞ, ನೈವೇದ್ಯ, ಪ್ರಾಯಶ್ಚಿತ್ತ ಎಂಬ ನಮ್ಮ ನೆಲದ ಶಬ್ದಗಳನ್ನೇ ಬಳಸಿಕೊಂಡಿದೆ. ಬೇರೆ ಶಬ್ದಗಳು ಸಿಗುವಂತಿರಲಿಲ್ಲ, ಸರಿ. ಆದರೆ ‘ಸರ್ವಾಂಗಹೋಮ’ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಹೋಮಕುಂಡ, ತುಪ್ಪ, ಮಂತ್ರಘೋಷ. ಯಾಜಕಕಾಂಡದ ಮೊದಲ ಏಳು ಅಧ್ಯಾಯಗಳಲ್ಲಿ ಬಲಿಯರ್ಪಣೆಯ ಕ್ರಮವನ್ನೆಲ್ಲ ಸವಿಸ್ತಾರವಾಗಿ ಹೇಳಿದ್ದರೂ ಯಾಜಕನು ಉಚ್ಚರಿಸಬೇಕಾದ ಮಂತ್ರವೆಂದು ಒಂದು ವಾಕ್ಯವೂ ಇಲ್ಲ. ಅಲ್ಲಿರುವುದೆಲ್ಲ ಕೈಕೆಲಸ. ಕಾಣಿಕೆ ತಂದವನು ಪಶುವಿನ ತಲೆಯ ಮೇಲೆ ತನ್ನ ಕೈಯಿಡಬೇಕು, ತಾನೇ ಅದನ್ನು ವಧಿಸಬೇಕು. ರಕ್ತ ಮತ್ತು ಬೆಂಕಿಯ ಕೆಲಸ ಮಾತ್ರ ಯಾಜಕನದು. ಸರ್ವಾಂಗಹೋಮದಲ್ಲಿ ಚರ್ಮವನ್ನುಳಿದು ಎಲ್ಲವೂ ಸುಟ್ಟುಹೋಗುತ್ತಿತ್ತು, ಚರ್ಮ ಯಾಜಕನಿಗೆ ಸಲ್ಲುತ್ತಿತ್ತು. ಸಮಾಧಾನಯಜ್ಞದಲ್ಲಿ ಕೊಬ್ಬು ಬಲಿವೇದಿಗೆ, ಎದೆಯೂ ಬಲದೊಡೆಯೂ ಯಾಜಕರಿಗೆ, ಮಿಕ್ಕ ಮಾಂಸ ತಂದವನ ಮನೆಯವರ ಊಟಕ್ಕೆ. ದೋಷಪರಿಹಾರಕ್ಕೆ ಕುರಿ ತರಲಾರದವನು ಎರಡು ಬೆಳವಕ್ಕಿಗಳನ್ನೋ ಪಾರಿವಾಳದ ಮರಿಗಳನ್ನೋ ತರಬಹುದಿತ್ತು, ಅದಕ್ಕೂ ಗತಿಯಿಲ್ಲದವನು ಎಫ ಎಂಬ ಅಳತೆಯ ಹತ್ತನೆಯ ಒಂದು ಪಾಲು ಹಿಟ್ಟು ತಂದರೆ ಸಾಕಿತ್ತು. ಬಡವರನ್ನು ಹೊರಗಿಡದ ಈ ಎಚ್ಚರವನ್ನು ನೋಡಿದಾಗ ಆ ವ್ಯವಸ್ಥೆಯನ್ನು ಬರಿಯ ಕರ್ಮಕಾಂಡವೆಂದು ತಳ್ಳಿಹಾಕಲು ಮನಸ್ಸಾಗುವುದಿಲ್ಲ.

ಇದು ನಿಲ್ಲದೆ ನಡೆಯುವ ಕೆಲಸವಾಗಿತ್ತು ಎಂಬುದನ್ನೂ ಗಮನಿಸಬೇಕು. ಅರಣ್ಯಕಾಂಡದ 28 ಮತ್ತು 29ನೆಯ ಅಧ್ಯಾಯಗಳ ಪಟ್ಟಿಯ ಪ್ರಕಾರ ಪ್ರತಿದಿನ ಹೊತ್ತಾರೆ ಒಂದು, ಸಂಜೆ ಒಂದು ಕುರಿಮರಿ, ಸಬ್ಬತ್ತಿನಂದು ಇನ್ನೆರಡು, ಪರ್ಣಶಾಲೆಗಳ ಹಬ್ಬದ ಏಳು ದಿನಗಳಲ್ಲಿ ಹೋರಿಗಳೇ ಒಟ್ಟು 70.

ಈಗ ದೂರದ ಮಾತು. ಯೇಸುವಿನ ಕಾಲದ ಯೆರೂಸಲೇಮಿನ ದೇವಾಲಯಕ್ಕೆ ಒಬ್ಬ ಅನ್ಯಜನಾಂಗದವನು ಬಂದನೆಂದುಕೊಳ್ಳಿ. ಅವನಿಗೆ ಹೊರಗಿನ ಅಂಗಳವಷ್ಟೇ. ಅದರಾಚೆ ಇದ್ದ ಕಲ್ಲಿನ ಅಡ್ಡಗೋಡೆಯಲ್ಲಿ, ದಾಟಿ ಸಿಕ್ಕಿಬಿದ್ದವನ ಮರಣಕ್ಕೆ ಅವನೇ ಹೊಣೆಯೆಂದು ಗ್ರೀಕ್ ಭಾಷೆಯಲ್ಲಿ ಕೆತ್ತಿದ ಎಚ್ಚರಿಕೆ ಇತ್ತು. ಅಂಥ ಒಂದು ಶಾಸನ 1871ರಲ್ಲಿ ಯೆರೂಸಲೇಮಿನಲ್ಲಿ ದೊರೆತು, ಈಗ ಇಸ್ತಾಂಬುಲ್‌ನ ವಸ್ತುಸಂಗ್ರಹಾಲಯದಲ್ಲಿದೆ. ಗೋಡೆ ದಾಟಿ ಒಳಗೆ ಹೋದರೆ ಯೆಹೂದಿ ಸ್ತ್ರೀಯರಿಗೆ ಒಂದು ಅಂಗಳದವರೆಗೆ ಪ್ರವೇಶ, ಪುರುಷರಿಗೆ ಇನ್ನೂ ಸ್ವಲ್ಪ ಮುಂದಕ್ಕೆ, ವೇದಿಯ ಸುತ್ತ ಯಾಜಕರು, ಪವಿತ್ರಸ್ಥಾನದೊಳಗೆ ಸರದಿ ಬಂದ ಯಾಜಕ, ಮಹಾ ಪವಿತ್ರಸ್ಥಾನವನ್ನು ಮರೆಮಾಡಿದ ತೆರೆಯ ಆಚೆ ಮಹಾಯಾಜಕನೊಬ್ಬನೇ. ಅವನೂ ವರ್ಷಕ್ಕೊಂದು ದಿನ, ದೋಷಪರಿಹಾರಕ ದಿನದಂದು, ಮೊದಲು ತನ್ನ ಪಾಪಕ್ಕಾಗಿ ಹೋರಿಯ ರಕ್ತವನ್ನು ಹಿಡಿದುಕೊಂಡು ಹೋಗಬೇಕು. ಆ ಕಾಲಕ್ಕೆ ದೇವರ ಆಜ್ಞೆಗಳ ಶಿಲಾಫಲಕಗಳನ್ನಿಟ್ಟಿದ್ದ ಮಂಜೂಷವೂ ಅಲ್ಲಿರಲಿಲ್ಲ, ಕ್ರಿ.ಪೂ. 63ರಲ್ಲಿ ರೋಮಿನ ಸೇನಾಪತಿ ಪೊಂಪೆ ಒಳನುಗ್ಗಿ ನೋಡಿದಾಗ ಯಾವ ದೇವಮೂರ್ತಿಯೂ ಕಾಣಲಿಲ್ಲ. ಇನ್ನೊಂದು ಸಂಗತಿಯನ್ನು ನಾವು ಮರೆಯುತ್ತೇವೆ: ಯಾಜಕತ್ವ ಲೇವಿಯ ಕುಲಕ್ಕೆ ಮೀಸಲಾಗಿದ್ದರಿಂದ ಯೂದನ ಕುಲದಲ್ಲಿ ಹುಟ್ಟಿದ ಯೇಸುವಿಗೂ ಆ ಪವಿತ್ರಸ್ಥಾನದೊಳಗೆ ಕಾಲಿಡುವ ಹಕ್ಕಿರಲಿಲ್ಲ. ಹೊಸ ಒಡಂಬಡಿಕೆಯಲ್ಲಿ ಇಬ್ರಿಯರಿಗೆ ಬರೆದ ಪತ್ರಿಕೆಯ ಲೇಖಕ ಇದನ್ನು ಮುಚ್ಚಿಡುವುದಿಲ್ಲ, ತನ್ನ ವಾದದ ಬುನಾದಿಯನ್ನಾಗಿಯೇ ಮಾಡಿಕೊಳ್ಳುತ್ತಾನೆ.

ಆ ವಾದ ಹೀಗಿದೆ. ದೇವಾಲಯಕ್ಕೆ ಮುಂಚೆ ಅರಣ್ಯದಲ್ಲಿ ಆರಾಧನೆಗಿದ್ದ ದೇವದರ್ಶನದ ಗುಡಾರದ ಸಾಮಗ್ರಿಗಳಲ್ಲಿ ದೀಪಸ್ತಂಭವಿದೆ, ಮೇಜಿದೆ, ಧೂಪವೇದಿಯಿದೆ. ಯಾಜಕನು ಕುಳಿತುಕೊಳ್ಳಲು ಆಸನವೊಂದನ್ನೂ ಹೇಳಿಲ್ಲ. ಅವನು ದಿನದಿನವೂ ನಿಂತುಕೊಂಡು ಅದೇ ಯಜ್ಞಗಳನ್ನು ಮತ್ತೆ ಮತ್ತೆ ಅರ್ಪಿಸುತ್ತಾನೆ. ಕ್ರಿಸ್ತನಾದರೋ ಒಂದೇ ಯಜ್ಞವನ್ನು ಅರ್ಪಿಸಿ ಕುಳಿತುಕೊಂಡನು. ಕೆಲಸ ಮುಗಿದವನು ಕೂರುತ್ತಾನೆ. ಸೀನಾಯಿಯ ಬುಡದಲ್ಲಿ ಮೋಶೆ ಜನರ ಮೇಲೆ ಚಿಮುಕಿಸಿದ್ದು ಒಡಂಬಡಿಕೆಯ ರಕ್ತ. ಕಡೆಯ ರಾತ್ರಿಯ ಊಟದಲ್ಲಿ ಯೇಸು ಪಾತ್ರೆಯನ್ನು ಎತ್ತಿಕೊಂಡು ಅದೇ ಮಾತನ್ನು ತನ್ನ ರಕ್ತದ ವಿಷಯವಾಗಿ ಆಡಿದನು. ಆತನು ಪ್ರಾಣಬಿಟ್ಟಾಗ ದೇವಾಲಯದ ತೆರೆ ಮೇಲಿನಿಂದ ಕೆಳಗಿನವರೆಗೆ ಹರಿಯಿತೆಂದು ಮತ್ತಾಯನು ಬರೆಯುತ್ತಾನೆ. ‘ದೇವರು ಮನಸ್ಸು ಬದಲಾಯಿಸಿದರೇ?’ ಎಂಬ ತಮ್ಮ ಸಂದೇಹಕ್ಕೂ ಇಲ್ಲಿ ಉತ್ತರವಿದೆ: ಹೊಸ ಒಡಂಬಡಿಕೆ ಎಂಬ ಹೆಸರೇ ಯೆರೆಮೀಯನ 31ನೆಯ ಅಧ್ಯಾಯದ್ದು, ಮತ್ತು ಇಬ್ರಿಯರ ಪತ್ರಿಕೆ ಆ ಭಾಗವನ್ನು ಸಾಲುಸಾಲಾಗಿ ಎತ್ತಿ ಬರೆಯುತ್ತದೆ. ಹಳೆಯದು ಸುಳ್ಳಾಗಿದ್ದರಿಂದ ನಿಂತದ್ದಲ್ಲ; ಅದು ಬೆರಳು ತೋರಿಸುತ್ತಿದ್ದದ್ದು ಬಂದದ್ದರಿಂದ ನಿಂತಿತೆಂದು ಕ್ರೈಸ್ತರು ನಂಬುತ್ತಾರೆ.

ಈ ಬದಲಾವಣೆ ಒಂದೇ ರಾತ್ರಿಯಲ್ಲಿ ಆಗಲಿಲ್ಲ. ಪೇತ್ರ ಯೋಹಾನರು ಪ್ರಾರ್ಥನೆಯ ಹೊತ್ತಿಗೆ ದೇವಾಲಯಕ್ಕೆ ಹೋಗುತ್ತಲೇ ಇದ್ದರು. ಎಫೆಸದ ತ್ರೊಫಿಮನನ್ನು ಪೌಲನು ಆ ಅಡ್ಡಗೋಡೆಯೊಳಕ್ಕೆ ಕರೆತಂದನೆಂಬ ಗುಮಾನಿಯಿಂದಲೇ ಯೆರೂಸಲೇಮಿನಲ್ಲಿ ಗಲಭೆಯೆದ್ದಿತು. ಕ್ರಿ.ಶ. 70ರಲ್ಲಿ ರೋಮನ್ನರು ದೇವಾಲಯವನ್ನು ಸುಟ್ಟಮೇಲೆ ಯೆಹೂದ್ಯರಿಗೂ ಬಲಿವೇದಿ ಇಲ್ಲವಾಯಿತು; ಇಂದಿನ ಅವರ ಆರಾಧನೆ ಪ್ರಾರ್ಥನೆ ಮತ್ತು ವಾಚನದ್ದೇ ಹೊರತು ಹೋಮದ್ದಲ್ಲ. ಪಸ್ಕಹಬ್ಬದ ಕುರಿಗಳನ್ನು ಇಂದಿಗೂ ಕೊಯ್ಯುವವರು ಗೆರಿಜ್ಜೀಮ್ ಬೆಟ್ಟದ ಸಮಾರ್ಯರು, ಬಾವಿಯ ಬಳಿ ಯೇಸುವಿನೊಡನೆ ‘ಈ ಬೆಟ್ಟವೋ ಯೆರೂಸಲೇಮೋ’ ಎಂದು ಚರ್ಚಿಸಿದ ಹೆಂಗಸಿನ ಜನ. ಆದ್ದರಿಂದ ನಮ್ಮ ಭಾನುವಾರದ ಆರಾಧನೆಯ ತವರನ್ನು ದೇವಾಲಯದಲ್ಲಿ ಹುಡುಕಿದರೆ ಸಿಕ್ಕದು, ಅದು ಯೆಹೂದ್ಯರು ಪ್ರಾರ್ಥನೆಗೂ ವಾಚನಕ್ಕೂ ಕೂಡುತ್ತಿದ್ದ ಸಭಾಮಂದಿರದಲ್ಲಿದೆ. ನಜರೇತಿನಲ್ಲಿ ಯೇಸು ಎದ್ದು ನಿಂತು ಯೆಶಾಯನ ಸುರುಳಿಯನ್ನು ಓದಿ, ಕುಳಿತು ಬೋಧಿಸಿದ್ದು ಅಂಥಲ್ಲಿಯೇ. ಸುಮಾರು 155ರಲ್ಲಿ ರೋಮಿನಲ್ಲಿದ್ದ ಕ್ರೈಸ್ತ ಲೇಖಕ ಜಸ್ಟಿನ್ ವರ್ಣಿಸುವ ಭಾನುವಾರದ ಕೂಟದಲ್ಲಿ ಅಪೊಸ್ತಲರ ನೆನಪಿನ ಬರಹಗಳ ಅಥವಾ ಪ್ರವಾದಿಗಳ ಓದು, ಉಪದೇಶ, ಎಲ್ಲರೂ ಎದ್ದು ಮಾಡುವ ಪ್ರಾರ್ಥನೆ, ರೊಟ್ಟಿ ಮತ್ತು ನೀರು ಬೆರೆತ ದ್ರಾಕ್ಷಾರಸ, ಬರಲಾರದವರಿಗೆ ಸಭಾಸೇವಕರ ಕೈಯಲ್ಲಿ ಪಾಲು, ಬಡವರಿಗಾಗಿ ಹಣ ಇಷ್ಟೇ ಇವೆ. ನಮ್ಮ ಹಳ್ಳಿಯ ಸಭೆಯವನೊಬ್ಬ ಅಲ್ಲಿಗೆ ಹೋದರೂ ಕಕ್ಕಾಬಿಕ್ಕಿಯಾಗುತ್ತಿರಲಿಲ್ಲ.

ಸಬ್ಬತ್ತಿನ ಬಗ್ಗೆ ಚಿಕ್ಕದಾಗಿ ಹೇಳುವೆ. ವಾರದ ಮೊದಲನೆಯ ದಿನ ಕೂಡಿದ್ದು ಪುನರುತ್ಥಾನದ ನೆನಪಿಗಾಗಿ. ಅದು ಆಗ ರಜೆಯ ದಿನವಾಗಿರಲಿಲ್ಲ. ಸುಮಾರು 112ರಲ್ಲಿ ಬಿಥೂನ್ಯದ ರಾಜ್ಯಪಾಲ ಪ್ಲಿನಿ ಚಕ್ರವರ್ತಿಗೆ ಬರೆದ ವರದಿಯಂತೆ ಕ್ರೈಸ್ತರು ಗೊತ್ತಾದ ದಿನ ಬೆಳಗಾಗುವ ಮೊದಲೇ ಸೇರುತ್ತಿದ್ದರು. ಭಾನುವಾರದ ಬಿಡುವು 321ರಲ್ಲಿ ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನನ ಆಜ್ಞೆಯಿಂದ ಬಂದದ್ದು. ಆದಕಾರಣ ಭಾನುವಾರವನ್ನು ಸ್ಥಳ ಬದಲಿಸಿದ ಸಬ್ಬತ್ತೆಂದು ಕರೆಯಲು ನಾನು ಹಿಂಜರಿಯುತ್ತೇನೆ, ಹಾಗೆ ಕರೆಯುವ ಭಕ್ತರು ನಮ್ಮ ನಡುವೆ ಅನೇಕರಿದ್ದರೂ.

ಇನ್ನು ತಮ್ಮ ವೇದಿಕೆ. ಹೊಸ ಒಡಂಬಡಿಕೆಯ ಪುಸ್ತಕಗಳು ಸಭೆಯ ಮುಖಂಡರನ್ನು ಹಿರಿಯರು, ಅಧ್ಯಕ್ಷರು, ಸಭಾಸೇವಕರು ಎನ್ನುತ್ತವೆ. ಯಾಜಕ ಎಂಬ ಪದವಿಯನ್ನು ಅವರಿಗೆ ಎಲ್ಲಿಯೂ ಕೊಡುವುದಿಲ್ಲ. ಆ ಹೆಸರು ಕ್ರಿಸ್ತನಿಗೆ ಇದೆ, ಪೇತ್ರನ ಮೊದಲನೆಯ ಪತ್ರಿಕೆಯಲ್ಲಿ ಇಡೀ ಸಭೆಗೆ ಇದೆ. ಕಥೋಲಿಕ ಸಹೋದರರು ಬಲಿಪೂಜೆ, ಬಲಿಪೀಠ ಎನ್ನುತ್ತಾರಲ್ಲವೇ ಎಂದು ತಾವು ಕೇಳಬಹುದು. ಅವರ ಬೋಧನೆಯಲ್ಲಿಯೂ ಅದು ಶಿಲುಬೆಯ ಒಂದೇ ಬಲಿಯ ಸಾನ್ನಿಧ್ಯವೇ ಹೊರತು ಅದಕ್ಕೆ ಸೇರಿಸಿದ ಇನ್ನೊಂದು ಬಲಿಯಲ್ಲ, ಮತ್ತು ಆ ಬಲಿಪೀಠದ ಬಳಿಯಿಂದಲೇ ಜನರಿಗೆ ಪ್ರಸಾದ ದೊರೆಯುತ್ತದೆ. ತಮ್ಮಲ್ಲಿ ಆಗುತ್ತಿರುವುದು ಬೇರೆ: ಹರಿದ ತೆರೆಯನ್ನು ಮತ್ತೆ ಹೊಲಿಯುವ ಕೆಲಸ. ಸ್ತ್ರೀಯರು ಬೋಧಿಸಬಹುದೇ ಎಂಬುದು ಸಭೆಗಳ ನಡುವೆ ಪ್ರತ್ಯೇಕವಾಗಿ ಚರ್ಚೆಯಲ್ಲಿರುವ ಪ್ರಶ್ನೆ; ಆದರೆ ಒಂದು ಸ್ಥಳವನ್ನು ಮಹಾ ಪವಿತ್ರಸ್ಥಾನವೆಂದು ಕರೆದು ಅಲ್ಲಿಂದ ಯಾರನ್ನಾದರೂ ದೂರವಿಡುವುದಕ್ಕೆ ಆಧಾರವಿಲ್ಲ. ಯಾಕೆಂದರೆ ಆ ಸ್ಥಳಕ್ಕೆ ಧೈರ್ಯದಿಂದ ಬರೋಣವೆಂದು ಇಬ್ರಿಯರ ಪತ್ರಿಕೆ ಕರೆಯುವುದು ಓದುಗರೆಲ್ಲರನ್ನು. ವೇದಿಕೆ ಹತ್ತುವಾಗ ಚಪ್ಪಲಿ ಬಿಡುವುದಕ್ಕೆ ನನ್ನ ಆಕ್ಷೇಪವಿಲ್ಲ. ಹಿರಿಯರ ಮನೆಯ ಪಡಸಾಲೆಗೂ ನಾವು ಚಪ್ಪಲಿ ಬಿಟ್ಟೇ ಹೋಗುತ್ತೇವೆ; ಅದು ನಮ್ಮ ನಾಡಿನ ಮರ್ಯಾದೆ.

ಕೊನೆಯದಾಗಿ, ಆರೋನನ ಆಶೀರ್ವಾದ ಮಾತ್ರ ಏಕೆ ಉಳಿಯಿತು ಎಂದಿರಿ. ಅದಕ್ಕೆ ವೇದಿಯಾಗಲಿ ರಕ್ತವಾಗಲಿ ಬೇಕಿರಲಿಲ್ಲ. ಅರಣ್ಯಕಾಂಡದ ಆರನೆಯ ಅಧ್ಯಾಯದ ಆ ಮಾತುಗಳು ಹೊರಗೆ ನಿಂತ ಜನರ ಮೇಲೆ ಉಚ್ಚರಿಸಲೆಂದೇ ಕೊಟ್ಟವು. 1979ರಲ್ಲಿ ಯೆರೂಸಲೇಮಿನ ಕೆತೆಫ್ ಹಿನ್ನೋಮ್ ಎಂಬಲ್ಲಿನ ಸಮಾಧಿಯೊಂದರಲ್ಲಿ ಎರಡು ಪುಟ್ಟ ಬೆಳ್ಳಿಯ ಸುರುಳಿಗಳು ಸಿಕ್ಕವು; ಬಿಚ್ಚಿ ಓದಿದಾಗ ಅವುಗಳ ಮೇಲೆ ಗೀಚಿದ್ದು ಇದೇ ಆಶೀರ್ವಾದದ ಸಾಲುಗಳು. ಸೊಲೊಮೋನನ ದೇವಾಲಯದ ಕೊನೆಗಾಲದಲ್ಲಿಯೋ ಅದು ಬಿದ್ದ ಆಸುಪಾಸಿನಲ್ಲಿಯೋ ಅವುಗಳನ್ನು ಮೈಮೇಲೆ ಧರಿಸಿದ್ದವರು ಅಂಗಳ ದಾಟಿ ಒಳಗೆ ಹೋದವರೋ ಅಲ್ಲವೋ, ಆ ಮಾತಂತೂ ಅವರೊಡನೆ ಮನೆಗೆ ಬಂದಿತ್ತು.

ವಂದನೆಗಳೊಡನೆ,
ಸಂಪಾದಕ