ಕ್ಯಾರಿಯರ್‌ಗೆ ಭಾರ ಹೇರಿದರೆ ಹ್ಯಾಂಡಲ್ ಅಲುಗಾಡುವುದಕ್ಕೆ

ಸೈಕಲ್ ಕ್ಯಾರಿಯರ್ ಮೇಲೆ 15 ಕೆಜಿ ಹೇರಿದರೆ ಮಾತ್ರ ಹ್ಯಾಂಡಲ್ ಅಲುಗಾಡುತ್ತದೆ ಅಂದಿದ್ದೀರಿ. ಹಾಗಿದ್ದರೆ ಬಹುತೇಕ ದೋಷ ಹ್ಯಾಂಡಲ್‌ನದ್ದಲ್ಲ. ಭಾರ ಎತ್ತರದಲ್ಲಿ, ಹಿಂದಿನ ಚಕ್ರದ ಆಕ್ಸಲ್‌ಗಿಂತಲೂ ಹಿಂದೆ ಕೂತು ಮುಂದಿನ ಚಕ್ರ ಹಗುರಾಗುತ್ತಿದೆ.

ಮೊದಲು ಕ್ಯಾರಿಯರ್ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ. ಆಡಿದರೆ ಬೋಲ್ಟ್ ಬಿಗಿ ಮಾಡಿ, ನೈಲಾಕ್ ನಟ್ (ಒಳಗೆ ನೈಲಾನ್ ಬಳೆ ಇರುವ, ಸುಲಭಕ್ಕೆ ಸಡಿಲಾಗದ ನಟ್) ಹಾಕಿ. ಸಾದಾ ನಟ್ ಅದುರಿ ಅದುರಿ ಮತ್ತೆ ಸಡಿಲಾಗುತ್ತದೆ. ಹಿಂದಿನ ಟೈರಿಗೆ ಟೈರಿನ ಬದಿಯ ಮೇಲೇ ಬರೆದಿರುವ ಗರಿಷ್ಠ ಮಿತಿ ದಾಟದಂತೆ ಗಟ್ಟಿಯಾಗಿ ಗಾಳಿ ತುಂಬಿಸಿ.

ಮುಖ್ಯವಾದದ್ದು ಹೇರುವ ರೀತಿ. ಎರಡೂ ಬದಿಯ ಚೀಲಗಳಿಗೆ ತೂಕ ಸಮನಾಗಿ ಹಂಚಿ. ಭಾರದ್ದು ತಳದಲ್ಲಿ, ಆಕ್ಸಲ್‌ನ ನೇರಕ್ಕೆ ಅಥವಾ ತುಸು ಮುಂದಕ್ಕೆ ಇರಲಿ, ಪೆಡಲ್ ತುಳಿಯುವಾಗ ಹಿಮ್ಮಡಿ ತಾಗದಷ್ಟು. ಹಗ್ಗದ ತುದಿ ಜೋತಾಡಲು ಬಿಡಲೇಬೇಡಿ, ಚಕ್ರದ ಕಡ್ಡಿಗೆ ಸುತ್ತಿದರೆ ಚಕ್ರ ಅಲ್ಲೇ ನಿಲ್ಲುತ್ತದೆ.

ಆಮೇಲೂ ಅಲುಗಾಡಿದರೆ ಮುಂದಿನ ಬ್ರೇಕ್ ಒತ್ತಿ ಸೈಕಲನ್ನು ಹಿಂದೆ ಮುಂದೆ ನೂಕಿ. ಟಕ್ ಟಕ್ ಎಂದು ಸದ್ದಾದರೆ ಹ್ಯಾಂಡಲ್ ತಿರುಗುವ ಜಾಗದ ಬೇರಿಂಗ್, ಅಂದರೆ ಹೆಡ್‌ಸೆಟ್ ಸಡಿಲಾಗಿರಬಹುದು, ಬಿಗಿ ಮಾಡಿಸಿ.