ಕ್ಯಾರೆಟ್ ಮೂಟೆ ಮತ್ತು ನವೆಂಬರ್ 15

ಪ್ರಿಯ ಮಿತ್ರರೇ,

ಮಿಶಿಗನ್ನಿನ ಲ್ಯಾನ್ಸಿಂಗ್‌ಗೆ ಬಂದು ಏಳು ತಿಂಗಳಾಯಿತೆಂದೂ, ನವೆಂಬರ್ 15ರಂದು ಉತ್ತರದಲ್ಲಿರುವ ತಮ್ಮ ಜಮೀನಿಗೆ ಜಿಂಕೆ ಬೇಟೆಗೆ ಜೊತೆಯಾಗಿ ಬರಬೇಕೆಂದು ನಿಮ್ಮ ಕಚೇರಿಯ ಹಿರಿಯರೊಬ್ಬರು ಕರೆದಿದ್ದಾರೆಂದೂ ಬರೆದಿದ್ದೀರಿ. ಪೆಟ್ರೋಲ್ ಬಂಕಿನ ಬಾಗಿಲಲ್ಲಿ ಒಟ್ಟಿದ್ದ ಕ್ಯಾರೆಟ್ ಮೂಟೆಗಳು ಜಿಂಕೆಗಾಗಿ ಎಂದು ಅವರು ಹೇಳಿದ್ದನ್ನೂ, ಅದನ್ನು ಕೇಳಿದ ಇನ್ನೊಬ್ಬ ಸಹೋದ್ಯೋಗಿ 'ಅದು ಬೇಟೆಯಲ್ಲ, ಮೋಸ' ಎಂದು ಸಿಟ್ಟಾಗಿ ಎದ್ದು ಹೋದದ್ದನ್ನೂ ತಿಳಿಸಿದ್ದೀರಿ. ಕೊಲ್ಲುವುದೇ ನಿಶ್ಚಯವಾದ ಮೇಲೆ ಹೇಗೆ ಕೊಂದರೇನು, ಇವರು ಯಾವ ನ್ಯಾಯದ ಮಾತಾಡುತ್ತಾರೆ, ನಾನು ಹೋಗಬೇಕೇ ಬೇಡವೇ ಎಂಬುದು ನಿಮ್ಮ ಪ್ರಶ್ನೆ. ಅಣ್ಣ ಎಂದು ಕರೆದು ಕೇಳಿದ್ದೀರಿ. ಈ ಊರಿನಲ್ಲಿ ಇಪ್ಪತ್ತನಾಲ್ಕು ಚಳಿಗಾಲ ಕಳೆದವನಾಗಿ, ನನಗೆ ತಿಳಿದಷ್ಟನ್ನು ಬಿಡಿಸಿ ಹೇಳುತ್ತೇನೆ.

ಮೊದಲು ಕಾನೂನಿನ ಮಾತು, ಏಕೆಂದರೆ ನಿಮ್ಮ ಸ್ನೇಹಿತರ ಜಮೀನು 'ಉತ್ತರದಲ್ಲಿದೆ' ಎಂದಷ್ಟೇ ಬರೆದಿದ್ದೀರಿ, ಇಲ್ಲಿ ಅಷ್ಟು ಸಾಲದು. ಈ ರಾಜ್ಯದ ಎರಡು ಪರ್ಯಾಯ ದ್ವೀಪಗಳನ್ನು ಜೋಡಿಸುವ ಮ್ಯಾಕಿನಾ ಸೇತುವೆಯ ಈಚೆಗೋ ಆಚೆಗೋ ಎಂದು ಕೇಳಿಕೊಳ್ಳಿ. ಈಚೆಗಿನ ಕೆಳ ಪರ್ಯಾಯ ದ್ವೀಪದಲ್ಲಿ ಜಿಂಕೆಗೆ ತಿನಿಸು ಸುರಿದು ಬೇಟೆಯಾಡುವುದು 2019ರ ಜನವರಿ 31ರಿಂದ ನಿಷಿದ್ಧವಾಗಿದೆ. ಸೇತುವೆ ದಾಟಿದ ಮೇಲಿನ ಪರ್ಯಾಯ ದ್ವೀಪದಲ್ಲಿ ಹೆಚ್ಚಿನ ಕಡೆ ಅದು ಕಾನೂನುಬದ್ಧ, ಆದರೆ ಒಮ್ಮೆಗೆ ಎರಡು ಗ್ಯಾಲನ್‌ಗಿಂತ ಹೆಚ್ಚು ಹಾಕುವಂತಿಲ್ಲ. ಅಂದರೆ ಒಂದೇ ರಾಜ್ಯದಲ್ಲಿ, ಒಂದೇ ಮೂಟೆಯ ಕ್ಯಾರೆಟ್ಟು ಒಂದು ದಡದಲ್ಲಿ ಅಪರಾಧ, ಇನ್ನೊಂದು ದಡದಲ್ಲಿ ವಾಡಿಕೆ. ದೇಶದಾದ್ಯಂತವೂ ಹೀಗೆಯೇ: ಪೆನ್ಸಿಲ್ವೇನಿಯಾದ ಹೆಚ್ಚಿನ ಕಡೆ ಮತ್ತು ಮಿನ್ನೆಸೋಟಾದಲ್ಲಿ ಹೀಗೆ ತಿನಿಸಿನ ಎರೆ ಹಾಕುವುದು ನಿಷಿದ್ಧ, ಟೆಕ್ಸಸ್‌ನಲ್ಲಿ ನಿಗದಿತ ಹೊತ್ತಿಗೆ ಸರಿಯಾಗಿ ಮೆಕ್ಕೆಜೋಳ ಚೆಲ್ಲುವ ಯಂತ್ರಗಳನ್ನೇ ನಿಲ್ಲಿಸಿರುತ್ತಾರೆ. ನಿಮ್ಮ ಸಹೋದ್ಯೋಗಿಗಳಿಬ್ಬರೂ ಒಂದೇ ಸಂಪ್ರದಾಯದಲ್ಲಿ ಬೆಳೆದವರು ಎಂದು ನೀವು ಭಾವಿಸಿದ್ದರೆ, ಹಾಗಿರಬೇಕಾಗಿಲ್ಲ.

ಇವರು 'ಫೇರ್ ಚೇಸ್' ಎನ್ನುವುದನ್ನು ನಾನು ನ್ಯಾಯದ ಬೇಟೆ ಎಂದು ಕರೆಯುತ್ತೇನೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಮಾಂಸ ಮತ್ತು ಚರ್ಮದ ವ್ಯಾಪಾರಕ್ಕಾಗಿ ಕೊಂದು ಕೊಂದು ಈ ದೇಶದ ಬಹುಭಾಗದಲ್ಲಿ ಬಿಳಿಬಾಲದ ಜಿಂಕೆಯೇ ಅಪರೂಪವಾಗಿತ್ತು. ಆ ಹಿನ್ನೆಲೆಯಲ್ಲಿ 1887ರಲ್ಲಿ ಥಿಯೋಡರ್ ರೂಸ್‌ವೆಲ್ಟ್ ಮತ್ತು ಅವರ ಜೊತೆಗಾರರು ಬೂನ್ ಆ್ಯಂಡ್ ಕ್ರಾಕೆಟ್ ಕ್ಲಬ್ ಕಟ್ಟಿದರು. ನೀರಿನಲ್ಲಿ ಈಜುತ್ತಿರುವ ಪ್ರಾಣಿಯನ್ನು ದೋಣಿಯಿಂದ ಕೊಲ್ಲುವುದು, ಆಳವಾದ ಹಿಮದಲ್ಲಿ ಕಾಲು ಹೂತು ನಿಂತದ್ದನ್ನು ಕೊಲ್ಲುವುದು, ರಾತ್ರಿ ಬೆಂಕಿಯ ಬೆಳಕಿನಿಂದ ಕಣ್ಣು ಕುಕ್ಕಿಸಿ ಹೊಡೆಯುವುದು ನ್ಯಾಯದ ಬೇಟೆಯಲ್ಲ ಎಂದು ಅವರು ತಮಗೆ ತಾವೇ ಗೆರೆ ಎಳೆದುಕೊಂಡರು. ತಪ್ಪಿಸಿಕೊಳ್ಳುವ ದಾರಿ ಪ್ರಾಣಿಗೆ ನಿಜವಾಗಿಯೂ ತೆರೆದಿರಬೇಕು ಎಂಬುದೇ ಇದರ ತಿರುಳು. ಕೊಲ್ಲುವ ಹಕ್ಕನ್ನು ಪಡೆದವನು ತನ್ನ ಕೈಯನ್ನು ತಾನೇ ಕಟ್ಟಿಕೊಳ್ಳುವುದು ನಮ್ಮ ಕಡೆಯವರಿಗೆ ವಿಚಿತ್ರವಾಗಿ ಕಾಣಬೇಕಾಗಿಲ್ಲ. ಪಾಂಡುರಾಜನಿಗೆ ಶಾಪ ಕೊಟ್ಟ ಕಿಂದಮ ಮುನಿ ಜಿಂಕೆಯ ರೂಪದಲ್ಲಿ ಬಿದ್ದು ಸಾಯುತ್ತಿರುವಾಗ, ನೀನು ಬೇಟೆಯಾಡಿದ್ದಕ್ಕೆ ನಿನ್ನನ್ನು ಹಳಿಯುತ್ತಿಲ್ಲ, ಕೂಡಿದ್ದ ಹೊತ್ತಿನಲ್ಲಿ ಬಾಣ ಬಿಟ್ಟೆಯಲ್ಲ ಎಂಬುದೇ ನನ್ನ ದೂರು ಎಂದನಲ್ಲವೇ? ಕೊಂದದ್ದು ಒಂದು, ಕೊಂದ ಬಗೆ ಇನ್ನೊಂದು. 'ಹೇಗೆ ಕೊಂದರೇನು' ಎಂಬ ನಿಮ್ಮ ಪ್ರಶ್ನೆಗೆ ಆ ಕಥೆಯಲ್ಲಿಯೇ ಉತ್ತರವಿದೆ. (ಆ ಮುನಿಯ ಮಾತನ್ನು ಅಕ್ಷರಶಃ ಹಿಡಿದರೆ ಮಿಶಿಗನ್ನಿನ ಬೇಟೆಗಾರರು ತಲೆ ತಗ್ಗಿಸಬೇಕಾಗುತ್ತದೆ, ಏಕೆಂದರೆ ನವೆಂಬರ್ ತಿಂಗಳೇ ಇಲ್ಲಿನ ಗಂಡು ಜಿಂಕೆಗಳು ಮದವೇರಿ ಹೆಣ್ಣಿನ ಹಿಂದೆ ಎಚ್ಚರ ತಪ್ಪಿ ಅಲೆಯುವ ಕಾಲ. ಕೋವಿಯಿಂದ ಬೇಟೆಯಾಡುವ ಋತುವನ್ನು ಅದೇ ತಿಂಗಳಲ್ಲಿ ಇಟ್ಟಿರುವುದು ನನ್ನನ್ನು ಇಂದಿಗೂ ಕಾಡುತ್ತದೆ.)

ಇನ್ನು ಎರೆಯ ಪರವಾಗಿ ಹೇಳುವವರ ಮಾತನ್ನೂ ನೀವು ಗೌರವದಿಂದ ಕೇಳಬೇಕು. ತಿನಿಸಿನ ಮುಂದೆ ನಿಂತ ಜಿಂಕೆ ಹತ್ತಿರದಲ್ಲಿರುತ್ತದೆ, ಅಲುಗಾಡದೆ ಮಗ್ಗುಲು ತೋರಿಸಿ ನಿಲ್ಲುತ್ತದೆ, ಈಡು ಶ್ವಾಸಕೋಶಕ್ಕೆ ಸರಿಯಾಗಿ ತಗುಲಿ ಅದು ಹೆಚ್ಚು ನರಳದೆ ಬೀಳುತ್ತದೆ. ಓಡುತ್ತಿರುವುದಕ್ಕೆ ದೂರದಿಂದ ಹೊಡೆದು, ಗಾಯ ಮಾಡಿ, ಅದು ಎಲ್ಲಿಯೋ ಜೌಗಿನಲ್ಲಿ ಎರಡು ದಿನ ಒದ್ದಾಡಿ ಸಾಯುವಂತೆ ಮಾಡುವುದಕ್ಕಿಂತ ಇದು ಕರುಣೆಯ ಮಾರ್ಗ ಎಂದು ಅವರು ಹೇಳುತ್ತಾರೆ. ಇದು ಹಗುರವಾದ ವಾದವಲ್ಲ. ಪ್ರಾಣಿಗೆ ತಪ್ಪಿಸಿಕೊಳ್ಳುವ ಅವಕಾಶ ಕೊಡಬೇಕು ಎಂಬುದೂ, ಅದನ್ನು ನರಳಿಸಬಾರದು ಎಂಬುದೂ ಬೇಟೆಗಾರನ ಮೇಲಿರುವ ಎರಡು ಋಣಗಳು, ಮತ್ತು ಅವು ಒಂದನ್ನೊಂದು ಎಳೆಯುತ್ತವೆ. ನನ್ನ ಉತ್ತರ ಇಷ್ಟೇ: ಖಚಿತವಾಗಿ ತಗುಲುವ ಈಡು ಸಿಗದಿದ್ದರೆ ಟ್ರಿಗರ್ ಎಳೆಯದೆ ಕೋವಿ ಇಳಿಸುವವನು ಎರಡು ಋಣವನ್ನೂ ತೀರಿಸುತ್ತಾನೆ, ಅವನಿಗೆ ಕ್ಯಾರೆಟ್ ಬೇಕಾಗಿಲ್ಲ. ಅಂಗವಿಕಲ ಬೇಟೆಗಾರರಿಗಾಗಿಯೇ ಶರತ್ಕಾಲದಲ್ಲಿ ಮೀಸಲಿಟ್ಟ ವಿಶೇಷ ದಿನಗಳಲ್ಲಿ ಕೆಳ ಪರ್ಯಾಯ ದ್ವೀಪದಲ್ಲಿಯೂ ಎರೆಗೆ ವಿನಾಯಿತಿ ಇದೆ, ಅದನ್ನು ನಾನು ಮನಸಾರೆ ಒಪ್ಪುತ್ತೇನೆ.

ನೀವು ಕೊಪ್ಪದವರು, ನಾನು ತೀರ್ಥಹಳ್ಳಿಯ ಕಡೆಯವನು. 'ಮರಸು ಕೂರುವುದು' ಎಂದರೆ ಅವಿತು ಕೂತು ಬೇಟೆಗೆ ಕಾಯುವುದೆಂದು ನಿಮಗೆ ವಿವರಿಸಬೇಕಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಮೊದಲಿನ ದಿನಗಳಲ್ಲಿ ನನ್ನ ಅಜ್ಜ ನೆಲ್ಲಿಮರದ ಹತ್ತಿರ ಅಟ್ಟಣಿಗೆ ಕಟ್ಟಿ, ಉದುರಿದ ಕಾಯಿಗೆ ಬರುವ ಕಡವೆಗಾಗಿ ರಾತ್ರಿಯಿಡೀ ಕಾದಿರುತ್ತಿದ್ದರಂತೆ. ಮರ ತಾನಾಗಿ ಕಾಯಿ ಉದುರಿಸಿದರೆ ಅದು ಎರೆಯೇ? ಇಲ್ಲಿಯ ಕಾನೂನು ಅಲ್ಲವೆನ್ನುತ್ತದೆ. ಓಕ್ ಮರದ ಕಾಯಿಗೆ ಬಂದ ಜಿಂಕೆಯನ್ನು, ಹಳೆಯ ಸೇಬಿನ ತೋಟಕ್ಕೆ ಬಂದದ್ದನ್ನು ಹೊಡೆಯಬಹುದು. ಜಿಂಕೆಗೆಂದೇ ಕ್ಲೋವರ್ ಎಂಬ ಮೇವು ಬಿತ್ತಿ ಬೆಳೆಸಿದ ಹೊಲದ ಅಂಚಿನಲ್ಲಿ ಕೂತೂ ಹೊಡೆಯಬಹುದು. ಕಿತ್ತು ತಂದ ಕ್ಯಾರೆಟ್ಟನ್ನು ಸುರಿಯುವಂತಿಲ್ಲ. ನ್ಯಾಯದ ಬೇಟೆಯ ದೃಷ್ಟಿಯಿಂದ ಮಾತ್ರ ನೋಡಿದರೆ ಬಿತ್ತಿದ ಕ್ಲೋವರಿಗೂ ಸುರಿದ ಕ್ಯಾರೆಟ್ಟಿಗೂ ಇರುವ ಅಂತರ ಬಹಳ ತೆಳು ಎಂದು ನಾನು ಒಪ್ಪಿಕೊಳ್ಳುತ್ತೇನೆ, ನಿಮ್ಮ ಸ್ನೇಹಿತರು ಈ ವಾದ ಎತ್ತಿದರೆ ಅದನ್ನು ತಳ್ಳಿಹಾಕಬೇಡಿ.

ಆದರೆ ಮಿಶಿಗನ್ ನಿಷೇಧ ತಂದದ್ದು ಬೇಟೆಗಾರನ ಮರ್ಯಾದೆಯ ಕಾರಣಕ್ಕಲ್ಲ, ರೋಗದ ಕಾರಣಕ್ಕೆ. ಕ್ರಾನಿಕ್ ವೇಸ್ಟಿಂಗ್ ಎಂಬ, ಜಿಂಕೆಯ ಮಿದುಳನ್ನು ತಿಂದು ಅದನ್ನು ಸೊರಗಿಸಿ ಕೊಲ್ಲುವ, ಮದ್ದಿಲ್ಲದ ರೋಗವನ್ನು ಮೊದಲು ಗುರುತಿಸಿದ್ದು 1967ರಲ್ಲಿ ಕೊಲರಾಡೋದಲ್ಲಿ. ಈ ರಾಜ್ಯದ ಕಾಡಿನ ಜಿಂಕೆಯಲ್ಲಿ ಅದು ಮೊದಲು ಕಾಣಿಸಿದ್ದು 2015ರಲ್ಲಿ, ಮೆರಿಡಿಯನ್ ಟೌನ್‌ಶಿಪ್‌ನಲ್ಲಿ, ಅಂದರೆ ನಿಮ್ಮ ಮನೆಯಿಂದ ಕಾರಿನಲ್ಲಿ ಕಾಲು ಗಂಟೆಯ ದಾರಿಯಲ್ಲಿ. ಪ್ರಿಯಾನ್ ಎಂಬ ವಿಕೃತ ಪ್ರೋಟೀನು ಜೊಲ್ಲಿನಲ್ಲಿ, ಮೂತ್ರದಲ್ಲಿ, ಹಿಕ್ಕೆಯಲ್ಲಿ ಹರಡುತ್ತದೆ. ಬಿದ್ದ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಇಲ್ಲಿಯೇ ಮರದ ಕಾಯಿಗೂ ಸುರಿದ ರಾಶಿಗೂ ಇರುವ ವ್ಯತ್ಯಾಸ ಎದ್ದು ಕಾಣುವುದು. ಕಾಡಿನಲ್ಲಿ ಚದುರಿ ಮೇಯುವ ಜಿಂಕೆಗಳು ಒಂದೇ ಚಾಪೆಯಗಲದ ರಾಶಿಗೆ ದಿನವೂ ಮೂತಿ ಇಡುತ್ತವೆ.

ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. 2003ರಲ್ಲಿ, ಎರೆ ಇನ್ನೂ ಕಾನೂನುಬದ್ಧವಾಗಿದ್ದಾಗ, ನೆರೆಮನೆಯ ವೃದ್ಧರೊಬ್ಬರ ಜೊತೆ ಕ್ಯಾಡಿಲಾಕ್ ಊರಿನ ಆಚೆ ಹಲಗೆಯ ಗೂಡೊಂದರಲ್ಲಿ ಇಡೀ ಮಧ್ಯಾಹ್ನ ಕೂತಿದ್ದೆ. ನಾಲ್ಕು ಗಂಟೆಯ ಹೊತ್ತಿಗೆ ಹೆಣ್ಣು ಜಿಂಕೆಗಳು ಬಂದವು. ದೊಡ್ಡವು ಮುಂಗಾಲಿನಿಂದ ಬಡಿದು ಮರಿಗಳನ್ನು ಓಡಿಸಿದವು; ಅವು ದೂರ ಹೋಗಿ ನಿಂತು, ದೊಡ್ಡವು ಕಚ್ಚಿ ಬಿಟ್ಟ, ಜೊಲ್ಲಿನಿಂದ ಹೊಳೆಯುತ್ತಿದ್ದ ತುಂಡುಗಳನ್ನು ಆಮೇಲೆ ಬಂದು ನೆಕ್ಕಿದವು. ಆ ದಿನ ಅವರು ಗುಂಡು ಹಾರಿಸಲಿಲ್ಲ. ಕೊಂಬಿನ ಗಂಡು ಬರಲಿಲ್ಲ, ಬಂದಿದ್ದರೂ ಕತ್ತಲಾದ ಮೇಲೆಯೇ ಬಂದಿರಬೇಕು. ಹನ್ನೆರಡು ವರ್ಷಗಳ ಬಳಿಕ ರೋಗದ ಸುದ್ದಿ ಓದಿದಾಗ ನನ್ನ ಮನಸ್ಸಿಗೆ ಬಂದದ್ದು ಆ ಒದ್ದೆ ತುಂಡುಗಳು. ಗುಂಡು ಬೀಳುವ ಜಿಂಕೆಗೆ ನಾವು ಏನು ಮಾಡುತ್ತೇವೆ ಎಂದು ಎರಡೂ ಪಕ್ಷದವರು ವಾದಿಸುತ್ತಾರೆ. ಅಂದು ತಿಂದು, ಬದುಕಿ, ಮರಳಿ ಹೋದ ಆರು ಜಿಂಕೆಗಳಿಗೆ ನಾವು ಏನು ಮಾಡಿದೆವು ಎಂಬುದು ನನಗೆ ಅದಕ್ಕಿಂತ ಭಾರವಾದ ಪ್ರಶ್ನೆ. ಆದ್ದರಿಂದಲೇ, ಕಾನೂನು ಒಪ್ಪುವ ಮೇಲಿನ ಪರ್ಯಾಯ ದ್ವೀಪದಲ್ಲಿಯೂ ಎರೆ ಹಾಕಬಾರದು ಎಂದು ನಾನು ನಂಬುತ್ತೇನೆ.

ಬೇಟೆಯೇ ಬೇಡವೆನ್ನುವುದು ಇಲ್ಲಿ ಅಷ್ಟು ಸುಲಭವಲ್ಲ. ನಮ್ಮ ಕಾಡಿನಲ್ಲಿ ಹುಲಿ, ಚಿರತೆ, ಕಾಡುನಾಯಿಗಳಿವೆ. ಕೆಳ ಪರ್ಯಾಯ ದ್ವೀಪದಲ್ಲಿ ತೋಳಗಳು ಅಳಿದು ನೂರು ವರ್ಷ ದಾಟಿದೆ. ರಾಜ್ಯದಲ್ಲಿ ಸುಮಾರು 20 ಲಕ್ಷ ಜಿಂಕೆಗಳಿವೆ, ವರ್ಷಕ್ಕೆ 50,000ಕ್ಕೂ ಹೆಚ್ಚು ಬಾರಿ ಅವು ವಾಹನಗಳಿಗೆ ಅಡ್ಡ ಬಂದು ಅಪಘಾತವಾಗುತ್ತದೆ. ಕೋವಿ ಮತ್ತು ಮದ್ದುಗುಂಡಿನ ಮೇಲಿನ ತೆರಿಗೆ 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯಂತೆ ವನ್ಯಜೀವಿ ರಕ್ಷಣೆಗೇ ಹೋಗುತ್ತದೆ. ನಮ್ಮಲ್ಲಿಯ ನಿಷೇಧ ನಮ್ಮ ಕಾಡಿಗೆ ಸರಿ, ಇವರ ಪದ್ಧತಿ ಇವರ ಕಾಡಿಗೆ ಬೇಕಾದದ್ದು. ಒಂದರ ತಕ್ಕಡಿಯಲ್ಲಿ ಇನ್ನೊಂದನ್ನು ತೂಗಬೇಡಿ.

ಹೋಗುವುದಾದರೆ ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಬೇಡಿ. ನೀವು ಎಚ್-1ಬಿ ವೀಸಾದಲ್ಲಿದ್ದೀರಿ. ವಲಸೆಯೇತರ ವೀಸಾದವರು ಕೋವಿಯನ್ನು ಹೊಂದುವುದನ್ನು ಇಲ್ಲಿನ ಕೇಂದ್ರ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಬೇಟೆಯ ಲೈಸೆನ್ಸ್ ಪಡೆದವರಿಗೆ ವಿನಾಯಿತಿ ಇದೆ. ಲೈಸೆನ್ಸ್ ಇಲ್ಲದೆ, 'ಸ್ವಲ್ಪ ಹಿಡಿದುಕೊಳ್ಳಿ' ಎಂದು ಅವರು ಪ್ರೀತಿಯಿಂದ ಕೊಟ್ಟರೂ ಕೈಯೊಡ್ಡಬೇಡಿ. ಬರಿಗೈಯಲ್ಲಿ ಜೊತೆಗೆ ಕೂರುವುದಾದರೂ ಕಿತ್ತಳೆ ಬಣ್ಣದ ಮೇಲಂಗಿ ಮತ್ತು ಟೋಪಿ ಧರಿಸಿಯೇ ಕಾಡಿಗೆ ಇಳಿಯಿರಿ.

ಹೊರಡುವ ಮುನ್ನವೇ, ಕಚೇರಿಯ ಗುಂಪಿನ ಮುಂದಲ್ಲ, ಅವರೊಬ್ಬರೇ ಇದ್ದಾಗ ಎರೆಯ ವಿಷಯ ಕೇಳಿ. ಜಮೀನು ಸೇತುವೆಯ ಈಚೆಗಿದ್ದು ಕ್ಯಾರೆಟ್ ಸುರಿದಿದ್ದಾರೆಂದಾದರೆ, ನಿಮಗೆ ಇಷ್ಟವಿಲ್ಲವೆಂದು ನೇರವಾಗಿ ಹೇಳಿ ನಿಲ್ಲಿ. ಇಲ್ಲಿನವರು ನೇರ ಮಾತಿಗೆ ಮುನಿಯುವುದು ಕಡಿಮೆ, ಸುಳ್ಳು ನೆಪಕ್ಕೆ ಮುನಿಯುವುದು ಹೆಚ್ಚು. ಆಚೆಗಿದ್ದರೆ ಅದು ಅವರ ಹಕ್ಕು; ನಿಮಗೆ ಕೂರಲು ಮನಸ್ಸು ಒಪ್ಪದಿದ್ದರೆ ಕ್ಯಾಬಿನ್ನಿನಲ್ಲಿ ಉಳಿದು ಸಂಜೆಗೆ ಸಾರು ಕುದಿಸಿ ಕಾಯಿರಿ, ಆ ಉಪಕಾರವನ್ನು ಅವರು ಮರೆಯಲಾರರು. ಮಾಂಸದ ಪಾಲು ಕೊಟ್ಟರೆ ತೆಗೆದುಕೊಳ್ಳಬಹುದೇ ಎಂದೂ ಕೇಳಿದ್ದೀರಿ. ಈ ರೋಗ ಮನುಷ್ಯರಿಗೆ ತಗುಲಿದ್ದು ಇಂದಿನವರೆಗೆ ದೃಢಪಟ್ಟಿಲ್ಲ. ಆದರೂ ರೋಗವಿರುವ ಜಿಲ್ಲೆಯ ಜಿಂಕೆಯಾಗಿದ್ದರೆ ತಲೆಯನ್ನು ಪರೀಕ್ಷೆಗೆ ಕೊಟ್ಟಿದ್ದಾರೆಯೇ ಎಂದು ವಿಚಾರಿಸಿ, ಫಲಿತಾಂಶ ಬರುವವರೆಗೆ ಆ ಪೊಟ್ಟಣವನ್ನು ಫ್ರೀಜರಿನಲ್ಲಿ ಬೇರೆಯಾಗಿ ಇಡಿ.