ಎರಡು ಬದಿಯ ಇಳಿಜಾರು ಒಂದೇ ಥರ ಬರ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ಅರ ಹಿಡಿದು ಮನೆಯಲ್ಲೇ ಚಾಕು ಮಾಡುತ್ತೇನೆ. ಈವರೆಗೆ ನಾಲ್ಕು ಮುಗಿಸಿದ್ದೇನೆ. ಅಲಗಿನ ಎರಡು ಬದಿಯ ಇಳಿಜಾರು ಮಾತ್ರ ಒಂದಕ್ಕೊಂದು ಹೊಂದುವುದಿಲ್ಲ. ಹಿಡಿಯ ಹತ್ತಿರ ಇಳಿಜಾರು ಶುರುವಾಗುವ ಗೆರೆ ಒಂದು ಬದಿಯಲ್ಲಿ ಮುಂದೆ, ಇನ್ನೊಂದು ಬದಿಯಲ್ಲಿ ಹಿಂದೆ. ಅರ ಆ ಗೆರೆ ದಾಟದ ಹಾಗೆ ಅಲಗನ್ನು ನಡುವೆ ಹಿಡಿಯಲು ಎರಡು ಕಬ್ಬಿಣದ ಪಟ್ಟಿಗೆ ಬೋಲ್ಟು ಹಾಕಿ ಗೈಡ್ ಮಾಡಿದೆ, ಪ್ರಯೋಜನವಾಗಲಿಲ್ಲ. ಅರಕ್ಕೆ ಸರಳು ಕಟ್ಟಿ ಕೋನ ಹಿಡಿಯುವ ಜಿಗ್ ಮಾಡಬೇಕೆಂದಿದ್ದೇನೆ. ಅಳತೆ ಹೇಗೆ ಹಾಕಲಿ?

ಉತ್ತರ: ಮೊದಲು ನಿಮ್ಮ ಗೈಡ್ ವಿಷಯ. ಮೆದು ಕಬ್ಬಿಣದ ಪಟ್ಟಿಯನ್ನು ಅರ ಸುಮ್ನೆ ತಿಂದುಬಿಡುತ್ತದೆ. ಪಟ್ಟಿ ಸವೆದ ಹಾಗೆ ಗೆರೆಯೂ ಹಿಂದೆ ಸರಿಯುತ್ತದೆ. ಯಾವ ಬದಿಯಲ್ಲಿ ಜಾಸ್ತಿ ಉಜ್ಜಿದಿರೋ ಆ ಬದಿ ಜಾಸ್ತಿ ಸರಿದಿರುತ್ತದೆ, ಅಷ್ಟೇ. ಪಟ್ಟಿಗಳು ಗಟ್ಟಿ ಮಾಡಬಲ್ಲ ಕಾರ್ಬನ್ ಉಕ್ಕಿನದ್ದಾಗಿರಬೇಕು. ಎರಡನ್ನೂ ಒಟ್ಟಿಗೆ ಕ್ಲಾಂಪ್ ಹಾಕಿ, ಒಂದೇ ಸಲ ತೂತು ಕೊರೆಯಿರಿ. ಬೋಲ್ಟಿನ ತೂತು ಯಾವಾಗಲೂ ಸ್ವಲ್ಪ ಸಡಿಲ ಇರುತ್ತದೆ, ಹಾಗಾಗಿ ಪಟ್ಟಿಗಳು ಅಲುಗಾಡದ ಹಾಗೆ ಬಿಗಿಯಾದ ಎರಡು ಪಿನ್ನೂ ಬೇಕು. ಆಮೇಲೆ ಕಾಯಿಸಿ. ಸುಮಾರು 770 ಡಿಗ್ರಿ ಸೆಲ್ಸಿಯಸ್‌ಗೆ ಉಕ್ಕು ಆಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಅದಕ್ಕಿಂತ ಸ್ವಲ್ಪ ಮೇಲೆ ಹೋದಾಗ ಬೆಚ್ಚಗಿನ ಎಣ್ಣೆಗೆ ಅದ್ದಿ. ಸರಿಯಾಗಿ ಗಟ್ಟಿಯಾಗಿದ್ದರೆ ಅರ ಅದರ ಮೇಲೆ ಕಚ್ಚದೆ ಜಾರುತ್ತದೆ. ಕಾಯಿಸಿದಾಗ ಪಟ್ಟಿ ಸ್ವಲ್ಪ ಸೊಟ್ಟಗಾಗಿರಬಹುದು. ಗಾಜಿನ ಮೇಲೆ ಮರಳು ಕಾಗದ ಹಾಸಿ ಉಜ್ಜಿ ಸಮ ಮಾಡಿಕೊಳ್ಳಿ.

ಅರದ ಒಂದು ಅಂಚಿನ ಹಲ್ಲುಗಳನ್ನೂ ಉಜ್ಜಿ ತೆಗೆದು, ಆ ಅಂಚನ್ನು ತುಸು ದುಂಡಗೆ ಮಾಡಿ. ಗೈಡ್‌ಗೆ ತಾಗುವುದು ಆ ಅಂಚೇ. ಇಳಿಜಾರು ಶುರುವಾಗುವ ಗೆರೆಯ ಒಳಮೂಲೆ ಚೂಪಾಗಿದ್ದರೆ ಅಲಗನ್ನು ಎಣ್ಣೆಗೆ ಅದ್ದುವಾಗ ಬಿರುಕು ಅಲ್ಲಿಂದಲೇ ಶುರುವಾಗುವ ಭಯವಿದೆ. ದುಂಡಗಿದ್ದರೆ ಆ ತಲೆನೋವು ಕಡಿಮೆ.

ಈಗ ಸರಳಿನ ಜಿಗ್. ಒಂದು ಹಲಗೆ. ಅದರ ಮುಂದಿನ ಅಂಚಿನಲ್ಲಿ ಅಲಗು, ಬಾಯಿ (ಕೊಯ್ಯುವ ಅಂಚು) ನಿಮ್ಮ ಕಡೆಗೆ. ಹಿಂದೆ, ಅಲಗಿನ ಬೆನ್ನಿನ ಆಚೆ, ತಲೆಯಲ್ಲಿ ಉಂಗುರವಿರುವ ಉದ್ದನೆಯ ಬೋಲ್ಟು. ಹಲಗೆಯ ಮೇಲೊಂದು ಕೆಳಗೊಂದು ನಟ್ಟು ಹಾಕಿದರೆ ಎತ್ತರ ಬದಲಾಯಿಸಬಹುದು. ಅರಕ್ಕೆ ಕಟ್ಟಿದ ಸರಳು ಆ ಉಂಗುರದೊಳಗೆ ಓಡಾಡುತ್ತದೆ.

ಲೆಕ್ಕಕ್ಕೆ ಕೋನಮಾಪಕ ಬೇಡ. ಉಕ್ಕು 3 ಮಿ.ಮೀ. ದಪ್ಪ, ಇಳಿಜಾರು 25 ಮಿ.ಮೀ. ಅಗಲ ಅಂದುಕೊಳ್ಳಿ. ಕಾಯಿಸುವ ಮುಂಚೆ ಬಾಯಲ್ಲಿ 0.5 ಮಿ.ಮೀ. ದಪ್ಪ ಉಳಿಸಬೇಕು. ಅದಕ್ಕಿಂತ ತೆಳುವಾದರೆ ಅದ್ದುವಾಗ ಅಲೆಅಲೆಯಾಗಿ ಬಾಗುತ್ತದೆ. ಅಂದರೆ ಒಂದೊಂದು ಬದಿಯಲ್ಲಿ 1.25 ಮಿ.ಮೀ. ಹೋಗಬೇಕು. 25ಕ್ಕೆ 1.25, ಅಂದರೆ 20ಕ್ಕೆ 1. ಇಳಿಜಾರಿನ ಮೇಲ್ಗೆರೆಯಿಂದ, ಅಂದರೆ ಬೆನ್ನಿನ ಕಡೆ ಇಳಿಜಾರು ಶುರುವಾಗುವ ಗೆರೆಯಿಂದ, ಉಂಗುರ 300 ಮಿ.ಮೀ. ದೂರದಲ್ಲಿದ್ದರೆ ಅದನ್ನು 15 ಮಿ.ಮೀ. ಎತ್ತಬೇಕು.

ಎಲ್ಲಿಂದ 15? ಎಡವುವುದು ಇಲ್ಲೇ. ಹಲಗೆಯಿಂದ ಅಳೆಯಬೇಡಿ. ಅರ ಉಕ್ಕಿನ ಮೇಲೆ ಚಪ್ಪಟೆಯಾಗಿ ಕೂರುವಷ್ಟು ಉಂಗುರವನ್ನು ಮೊದಲು ಹೊಂದಿಸಿ. ಅದೇ ಸೊನ್ನೆ. ಅಲ್ಲಿಂದ ಮೇಲಕ್ಕೆ 15. ಅರ, ಸರಳು, ಉಂಗುರದ ದಪ್ಪಗಳ ಗೊಡವೆಯೇ ಇರುವುದಿಲ್ಲ.

ಬಾಯಿಯ ನಡುಗೆರೆ ಎಳೆಯಲು 3 ಮಿ.ಮೀ. ಡ್ರಿಲ್ ಬಿಟ್ ಸಾಕು. ಚಪ್ಪಟೆ ಗಾಜಿನ ಮೇಲೆ ಉಕ್ಕನ್ನೂ ಬಿಟ್ಟನ್ನೂ ಮಲಗಿಸಿ, ಬಿಟ್ಟಿನ ತುದಿಯಿಂದ ಗೀರಿ. ಅದರ ತುದಿ ಸರಿಯಾಗಿ ಅರ್ಧ ದಪ್ಪದಲ್ಲಿರುತ್ತದೆ. ಮಗುಚಿ ಇನ್ನೊಮ್ಮೆ ಗೀರಿ. ಎರಡು ಗೆರೆ ಬಿದ್ದರೆ ನಿಜವಾದ ನಡು ಅವುಗಳ ಮಧ್ಯೆ ಇದೆ.

ಜಿಗ್ ಸರಿಯಿದ್ದೂ ಎರಡನೇ ಬದಿ ಕೈಕೊಡುವುದಕ್ಕೆ ಒಂದು ಕಾರಣವಿದೆ. ಇದನ್ನು ನಾನೂ ತಡವಾಗಿ ಕಲಿತೆ. ಮೊದಲ ಬದಿ ಮುಗಿಸಿ ಮಗುಚಿದಾಗ ಉಜ್ಜಿದ ಭಾಗ ಕೆಳಗೆ ಹೋಗುತ್ತದೆ. ಬೆನ್ನು ಹಲಗೆಗೆ ತಾಗಿರುತ್ತದೆ, ಬಾಯಿ ಗಾಳಿಯಲ್ಲಿರುತ್ತದೆ. ಅರ ಒತ್ತಿದಾಗ ತೆಳು ಬಾಯಿ ಕೆಳಕ್ಕೆ ಬಾಗಿ, ಕೈ ತೆಗೆದಾಗ ಮೇಲೇಳುತ್ತದೆ. ಅಲ್ಲಿ ಉಕ್ಕು ಕಡಿಮೆ ಹೋಗಿರುತ್ತದೆ. ನಿಮಗೋ ಜಿಗ್ ಮೇಲೆ ಸಿಟ್ಟು! ಅದೇ ಇಳಿಜಾರಿನ ತೆಳು ಮರದ ಚಕ್ಕೆಯನ್ನೋ ಕಾಗದದ ಪದರಗಳನ್ನೋ ಬಾಯಿಯ ಕೆಳಗೆ ತುರುಕಿ. ಜೊತೆಗೆ, ಒಂದು ಬದಿಯನ್ನು ಪೂರ್ತಿ ಮುಗಿಸದೆ ಅರ್ಧರ್ಧ ಮಗುಚುತ್ತಾ ಹೋಗಿ.

ಶುರುವಿನಲ್ಲೇ ಉಕ್ಕು ಸಮತಟ್ಟಾಗಿದೆಯಾ ಅಂತಲೂ ನೋಡಿ. ಬಾಗಿದ ಪಟ್ಟಿ ಕೊಟ್ಟರೆ ಜಿಗ್ ಆ ಬಾಗನ್ನೇ ನಿಷ್ಠೆಯಿಂದ ನಕಲು ಮಾಡುತ್ತದೆ.

ಇನ್ನು ತುದಿ. ಬಾಯಿ ನೇರ ಇರುವಷ್ಟು ದೂರ ಈ ಜಿಗ್ ಒಂದೇ ಕೋನ ಕೊಡುತ್ತದೆ, ಅರ ಓರೆಯಾಗಿ ಹೋದರೂ ಸರಿ. ಬಾಯಿ ಬಾಗುವ ಕಡೆ ಕೋನ ಬದಲಾಗುತ್ತದೆ. ಅಲ್ಲಿ ಸರಳನ್ನು ಬಿಚ್ಚಿಟ್ಟು, ಗಟ್ಟಿ ಮರದ ತುಂಡಿಗೆ ಮರಳು ಕಾಗದ ಅಂಟಿಸಿ ಕೈಯಲ್ಲೇ ಮುಗಿಸಿ.